ಎಷ್ಟು ಹೇಳಿದ, ಎಷ್ಟಕ್ಕೆ ಕೇಳಿದೆ

ಧಾರವಾಡ

ಪ್ರೀತಿಯ ತಂಗಿ,

ಕ್ಯಾಮೆರಾ ಕೊಳ್ಳಲು ಹುಬ್ಬಳ್ಳಿಗೆ ಹೋದದ್ದರ ಬಗ್ಗೆ ನೀನು ಬರೆದ ಬರಹ ಓದಿದೆ. ಅದರ ಜೊತೆ ಇಟ್ಟಿದ್ದ ಕಾಗದವನ್ನೂ ಓದಿದೆ. ಬರಹಕ್ಕಿಂತ ಕಾಗದವೇ ಚೆನ್ನಾಗಿದೆ. ಸಿಟ್ಟು ಮಾಡಿಕೊಳ್ಳಬೇಡ, ಪೂರ್ತಿ ಕೇಳು.

ಶೀರ್ಷಿಕೆ ಹೇಗಿರಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪದ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳುವವರು ಊರ ತುಂಬ ಇದ್ದಾರೆ. ನನಗೆ ಬೇಕಾಗಿರುವುದು ಒಂದೇ. ಆ ಕ್ಯಾಮೆರಾಗೆ ಅಂಗಡಿಯವ ಎಷ್ಟು ಹೇಳಿದ? ನೀನು ಎಷ್ಟಕ್ಕೆ ಕೇಳಿದೆ?

ಬರಹದಲ್ಲಿ ಅದಿಲ್ಲ. ಕ್ಯಾಮೆರಾ ಕೊಳ್ಳಬೇಕು ಅಂತ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದವಳು, ದುರ್ಗದ ಬೈಲು ಮುಟ್ಟಿದ ಕೂಡಲೇ ಇತಿಹಾಸ ಶುರು ಮಾಡುತ್ತೀಯ. 1727ರಲ್ಲಿ ಬಸಪ್ಪ ಶೆಟ್ಟರು ಹೊಸ ಹುಬ್ಬಳ್ಳಿಯ ಕೋಟೆ ಕಟ್ಟಿಸಿದ್ದು ಸರಿ, ಒಪ್ಪಿದೆ. ಆದರೆ ಕೋಟೆಗೆ ಅಷ್ಟು ಪುಟ ಯಾಕೆ? ಅಂಗಡಿ ಮೆಟ್ಟಿಲು ಹತ್ತಲು ನೀನು ಹಿಂದೆಮುಂದೆ ನೋಡುತ್ತ ನಿಂತಿದ್ದೆ, ಅದನ್ನು ಮುಚ್ಚಿಡಲು. ಆಮೇಲೆ ದಾಜಿಬಾನ ಪೇಟೆಯ ಗಲ್ಲಿಗಳಲ್ಲಿ 'ಕಾಲವೇ ನಿಂತಿದೆ' ಅಂತ ಬೇರೆ ಬರೆದಿದ್ದೀಯ. ಎಲ್ಲಿ ನಿಂತೈತಿ ತಂಗಿ? ಅಲ್ಲಿ ಸ್ಕೂಟರ್ ನಿಲ್ಲಿಸಲಿಕ್ಕೇ ಜಾಗ ಇಲ್ಲ.

ಕಾಗದದಲ್ಲಿ ನೋಡು, ಎಲ್ಲ ಇದೆ. ಕೈಯಲ್ಲಿದ್ದದ್ದು 12,000 ರೂಪಾಯಿ. ಅದರಲ್ಲಿ 5,000 ಅವ್ವ ಭಿಶಿ, ಅಂದರೆ ಚೀಟಿ, ಎತ್ತಿ ಕೊಟ್ಟದ್ದು. ಕೊಪ್ಪಿಕರ ರಸ್ತೆಯಲ್ಲಿ ಹೊಸ ಕ್ಯಾಮೆರಾದ ಬೆಲೆ ಕೇಳಿ ಸುಮ್ನೆ ಹೊರಗೆ ಬಂದದ್ದು. ಒಳಗಲ್ಲಿಯ ಅಂಗಡಿಯಲ್ಲಿ ಯಾರೋ ಬಳಸಿ ಬಿಟ್ಟ ನಿಕಾನ್ ಡಿ3200 ಸಿಕ್ಕಿದ್ದು, ಲೆನ್ಸ್ ಸೇರಿ 16,000 ಅಂದದ್ದು. ಕೇಳಿದವಳು ನೀನು, ಅವನು ಉತ್ತರ ಕೊಟ್ಟದ್ದು ಪಕ್ಕದಲ್ಲಿ ಸುಮ್ನೆ ನಿಂತಿದ್ದ ನಿನ್ನ ತಮ್ಮನಿಗೆ! ನಿಕಾನ್ ತೆಗೆದ ಫೋಟೋದ ಫೈಲಿನಲ್ಲೇ ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ ಇರುತ್ತದೆ ಅಂತ ಗೊತ್ತಿದ್ದು, ಒಂದು ಫೋಟೋ ಹೊಡೆದು ತೆಗೆದು ನೋಡಿದ್ದೀಯ. 62,000. ಕಂಪನಿ ಪರೀಕ್ಷೆ ಮಾಡಿರುವುದು 1,00,000ದವರೆಗೆ. ಇನ್ನೆಷ್ಟು ಬಾಳುತ್ತದೆ ಅಂತ ಅಲ್ಲೇ ನಿಂತು ಲೆಕ್ಕ ಹಾಕಿದ್ದೀಯ.

ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟೆ. ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ. "ಧೂಳ್ರೀ ಅದು, ಒರಿಸಿದ್ರ ಹೋಗತೈತಿ" ಅಂದ ಅವನು. ಧೂಳು ಕವಲೊಡೆಯುವುದಿಲ್ಲ, ಅದು ಬೂಷ್ಟು ಅಂತ ನಿನಗೆ ಗೊತ್ತು. ಬೂಷ್ಟು ಬಹಳ ದಿನ ಇದ್ದರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ತೊಳೆಸಿದರೂ ಕಲೆ ಉಳಿಯಬಹುದು. ಇದು ಅವನಿಗೂ ಗೊತ್ತು. ನಿನಗೆ ಗೊತ್ತಿದೆ ಅನ್ನುವುದಷ್ಟೇ ಅವನಿಗೆ ಗೊತ್ತಿಲ್ಲ. ಇಂಥ ಪ್ರಸಂಗ ಕೈಯಲ್ಲಿಟ್ಟುಕೊಂಡು ಕೋಟೆ ಬಗ್ಗೆ ಬರೆಯುತ್ತಾರಾ?

ನಮ್ಮವರಿಗೆ ಬರಹದಲ್ಲಿ ದುಡ್ಡು ಅಂದರೆ ನಾಚಿಕೆ. ಮೊದಲ ಮಳೆಯ ವಾಸನೆಗೆ ಒಂದು ಪುಟ ಕೊಡುತ್ತಾರೆ, ಸೋರುವ ಮನೆಯ ಬಾಡಿಗೆ ಎಷ್ಟು ಅಂತ ಬರೆಯುವುದಿಲ್ಲ. ಮೆಂತ್ಯದ ಸಿವುಡಿಗೆ ಎರಡು ರೂಪಾಯಿ ಜಗ್ಗಾಡಿ ಬಂದವರು, ಬರೆಯಲು ಕೂತಾಗ ಸಂತೆಯ ಬಣ್ಣ ಬಣ್ಣಿಸುತ್ತಾರೆ. 16,000ದ ಮಾಲಿನ ಎದುರು 12,000 ಹಿಡಿದು ನಿಂತವಳ ಕಣ್ಣಿಗೆ ಆ ಗಲ್ಲಿ ಕಾಣುವ ರೀತಿಯೇ ಬೇರೆ. 50,000 ಇದ್ದವಳು ಆ ಗಲ್ಲಿಗೆ ಹೋಗುತ್ತಲೇ ಇರಲಿಲ್ಲ, ಅಲ್ವಾ?

ಈ ವಿಷಯದಲ್ಲಿ ನನಗೆ ಹಳೇ ಸಿಟ್ಟೊಂದಿದೆ. ನಮ್ಮ ಮನೆಗೆ ಆಗ್ಫಾ ಕ್ಲಿಕ್ ಕ್ಯಾಮೆರಾ ಬಂದದ್ದರ ಬಗ್ಗೆ ಬರೆದಿದ್ದೆ. ಒಂದು ರೋಲಿಗೆ 12 ಫೋಟೋ. ಅದರಲ್ಲಿ ಅಜ್ಜಿಗೆ ಎಷ್ಟು, ಎತ್ತಿಗೆ ಎಷ್ಟು ಅಂತ ಜಗಳ. ರೋಲಿಗೆ ಎಷ್ಟು, ತೊಳೆಸಲು ಎಷ್ಟು, ಯಾರ ಹತ್ತಿರ ಕೈಗಡ, ಎಲ್ಲ ಬರೆದಿದ್ದೆ. ಸಂಪಾದಕ ಲೆಕ್ಕವನ್ನೆಲ್ಲ ಹೊಡೆದುಹಾಕಿ ಅಜ್ಜಿಯ ಮುಖದ ಸುಕ್ಕನ್ನಷ್ಟೇ ಉಳಿಸಿದ. "ಸಾಹಿತ್ಯದಾಗ ಕಿರಾಣಿ ಚೀಟಿ ಯಾಕ್ರೀ?" ಅಂದ. ಓದಿದವರೆಲ್ಲ ಸುಕ್ಕು ಹೊಗಳಿದರು. ಆ ಮನುಷ್ಯ ಈಗಿಲ್ಲ. ಆ ಸಂಚಿಕೆ ಕಣ್ಣಿಗೆ ಬಿದ್ದರೆ ಇವತ್ತಿಗೂ ಮೈ ಉರಿಯುತ್ತದೆ.

ಗೆಳತಿಯರು ಸೂಪರ್ ಅಂದರಂತೆ. ಅನ್ನಲಿ ಬಿಡು. ಗಿರಮಿಟ್ ತಿಂದ ಭಾಗ ಓದಿ ಅಂದಿರಬೇಕು. ಚುರಮುರಿ ಮೆತ್ತಗಾಗುತ್ತದೆ ಅಂತ ಅಕ್ಕ ತಮ್ಮ ಜಗಳ ಅರ್ಧಕ್ಕೇ ನಿಲ್ಲಿಸಿ ತಿಂದಿರಲ್ಲ, ಅದನ್ನು ಓದಿ ನಾನೂ ನಕ್ಕೆ. ಅದಕ್ಕೆ ಕೈ ಹಚ್ಚಬೇಡ.

'ನನಗೆ ಬರೆಯಲು ಬರುವುದಿಲ್ಲ ಕಾಕಾ, ಬಿಟ್ಟುಬಿಡುತ್ತೇನೆ' ಅಂತ ಕಾಗದದ ಕೊನೆಗೆ ಹಾಕಿದ್ದೀಯ. ಟಾರ್ಚ್ ಹಚ್ಚಿ ಬೂಷ್ಟು ಹುಡುಕಿದವಳ ಬಾಯಲ್ಲಿ ಈ ಮಾತು ಬರಬಾರದು. ನಾಟಕ ಜಾಸ್ತಿ ಆಯ್ತು. ಮತ್ತೆ ಬರೆ.

ಕ್ಯಾಮೆರಾ ಕೊಂಡೆಯೋ ಬಿಟ್ಟೆಯೋ ಎಲ್ಲೂ ಹೇಳಿಲ್ಲ. ಇನ್ನೂ ಕೊಂಡಿಲ್ಲದಿದ್ದರೆ, ಲೆನ್ಸ್ ಬಿಟ್ಟು ಬರೀ ಕ್ಯಾಮೆರಾದ ಬಾಡಿ ಒಂದಕ್ಕೇ ಎಷ್ಟು ಅಂತ ಕೇಳು. ಡಿ3200ರ ಒಳಗೆ ಫೋಕಸ್ ಮೋಟರ್ ಇಲ್ಲ. ನಿಕಾನಿನ ಬೇರೆ ಲೆನ್ಸ್ ನೋಡುವಾಗ ಎಎಫ್-ಎಸ್ ಅಂತ ಬರೆದದ್ದನ್ನೇ ನೋಡು, ಅದರಲ್ಲಿ ಮೋಟರ್ ಲೆನ್ಸಿನೊಳಗೇ ಇರುತ್ತದೆ. ಇಲ್ಲದಿದ್ದರೆ ಕೈಯಿಂದ ತಿರುಗಿಸುತ್ತ ಕೂರಬೇಕಾಗುತ್ತದೆ.

ಭಿಶಿ ವಿಷಯ ಬರೆಯುವ ಮೊದಲು ಅವ್ವನನ್ನು ಕೇಳು. ಅವರು ಬೇಡ ಅಂದರೆ ಆ ಸಾಲು ತೆಗೆದುಬಿಡು, ಅದು ಅವರ ದುಡ್ಡು. ಉಳಿದ 7,000 ಎಲ್ಲಿಂದ ಬಂತು ಅಂತ ಕಾಗದದಲ್ಲೂ ಬರೆದಿಲ್ಲ ನೀನು. ಅದು ನಿನ್ನದು. ಅದನ್ನು ಬರೆದು ಕಳಿಸು.

ನಿನ್ನ
ಕಾಕಾ