ಶಿಫಾರಸಿನ ಕ್ರಿಯಾಪದ: ರಷ್ಯನ್ ಅನುವಾದಕ್ಕಿಳಿದ ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮನಿಗೆ,

ತಜ್ಞರ ವೈದ್ಯಕೀಯ ಶಿಫಾರಸುಗಳನ್ನು ಇಂಗ್ಲಿಷಿನಿಂದ ರಷ್ಯನ್ನಿಗೆ ತಂದು ನೀನು ಕಳಿಸಿದ ಮಾದರಿ ಅನುವಾದ ಓದಿದೆ. ನಿನ್ನ ರಷ್ಯನ್ ಚೆನ್ನಾಗಿದೆ. ವಿಭಕ್ತಿಗಳಲ್ಲಿ ಎಲ್ಲೂ ಎಡವಿಲ್ಲ, ಔಷಧಗಳ ಹೆಸರು ಸರಿಯಾಗಿವೆ, ವಾಕ್ಯಗಳಲ್ಲಿ ಓಟವಿದೆ. ಆದರೂ ಇದನ್ನು ಹೀಗೇ ಕಳಿಸಬೇಡ. ಇಂಗ್ಲಿಷಿನಲ್ಲಿ ಒಂದು ಕಡೆ 'ರೆಕಮೆಂಡ್' ಇದೆ, ಇನ್ನೊಂದು ಕಡೆ 'ಸಜೆಸ್ಟ್', ಅಂದರೆ ಬರೀ ಸೂಚಿಸುವುದು, ಮತ್ತೊಂದು ಕಡೆ 'ಮೇ ಬಿ ಕನ್ಸಿಡರ್ಡ್', ಅಂದರೆ ಪರಿಗಣಿಸಬಹುದು. ನಿನ್ನ ರಷ್ಯನ್ನಿನಲ್ಲಿ ಮೂರೂ 'ರೆಕಮೆಂದುಯೆತ್ಸಾ', ಅಂದರೆ ಶಿಫಾರಸು ಮಾಡಲಾಗಿದೆ, ಆಗಿಬಿಟ್ಟಿವೆ. ಓದುವ ವೈದ್ಯರಿಗೆ ಮೂರೂ ಒಂದೇ ಅಳತೆಯ ಮಾತಾಗಿ ಕಾಣುತ್ತವೆ.

ಇಷ್ಟು ದಿನ ನೀನು ಸಣ್ಣಕತೆ ಅನುವಾದಿಸಿದವನು. ಅಲ್ಲಿ ಒಂದೇ ಪದ ಪುಟದ ತುಂಬ ಬಂದರೆ ಕಿವಿಗೆ ಹಿಂಸೆ, ಹಾಗಾಗಿ ಬದಲಿಸುತ್ತಿದ್ದೆ. ತಜ್ಞರ ಶಿಫಾರಸುಗಳಲ್ಲಿ ಆ ಅಭ್ಯಾಸ ಬಿಡಬೇಕು. ಮೂಲದಲ್ಲಿ ಒಂದೇ ಕ್ರಿಯಾಪದ ನಲವತ್ತು ಸಲ ಬಂದರೆ ನಿನ್ನಲ್ಲೂ ನಲವತ್ತು ಸಲ ಅದೇ ಬರಬೇಕು. ನಲವತ್ತೊಂದನೆಯ ಸಲ ಮೂಲ ಬದಲಾಯಿಸಿದರೆ ಆಗ ಮಾತ್ರ ನೀನೂ ಬದಲಾಯಿಸು. ಬರವಣಿಗೆ ಸಪ್ಪೆಯಾಗುತ್ತದೆ, ಆಗಲಿ ಬಿಡು. ಈ ಪುಟಗಳನ್ನು ಯಾರೂ ಸೊಗಸಿಗಾಗಿ ಓದುವುದಿಲ್ಲ.

ಒಂದು ವಾಕ್ಯ ತೆಗೆದುಕೊಂಡು ನೋಡೋಣ. ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಚಿಕಿತ್ಸೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಹೊರಡಿಸಿತು. ಅಲ್ಲಿ ಬಳಸಿದ ಕ್ರಿಯಾಪದ 'ಸಜೆಸ್ಟ್'. ಒಂಬತ್ತು ತಿಂಗಳ ಇಲ್ಲವೇ ಹದಿನೆಂಟು ತಿಂಗಳ ಚಿಕಿತ್ಸೆಯ ಬದಲು ಇದನ್ನು ಎಂಬ ಹೋಲಿಕೆ ಆ ವಾಕ್ಯದೊಳಗೇ ಇದೆ. ಆವರಣದಲ್ಲಿ ಎರಡು ಟಿಪ್ಪಣಿ: ಶಿಫಾರಸು ಷರತ್ತಿನದು; ಆಧಾರಗಳ ಖಚಿತತೆ ತೀರಾ ಕಡಿಮೆ. ಅಂದರೆ ತಜ್ಞರು ಒಂದೇ ವಾಕ್ಯದಲ್ಲಿ ಮೂರು ವಿಷಯ ಹೇಳುತ್ತಿದ್ದಾರೆ: ಯಾವುದರ ಬದಲು ಯಾವುದು, ಎಷ್ಟು ಒತ್ತಿ ಹೇಳುತ್ತಿದ್ದೇವೆ, ನಮಗೇ ಎಷ್ಟು ಖಾತ್ರಿಯಿದೆ. ರಷ್ಯನ್ನಿಗೆ ತರುವಾಗ ಮೊದಲು ಉದುರುವುದು ಆ 'ಬದಲು'. ವಾಕ್ಯ ಉದ್ದವಾಯಿತೆಂದು ಅದನ್ನು ಕತ್ತರಿಸಿ ಮುಂದಿನ ವಾಕ್ಯಕ್ಕೆ ತಳ್ಳುತ್ತಾರೆ, ಅಲ್ಲಿಗೆ ಶಿಫಾರಸಿನ ಅರ್ಧ ಹೋಯಿತು.

ಒತ್ತು ಬೇರೆ, ಖಾತ್ರಿ ಬೇರೆ ಎನ್ನುವುದು ಶಿಫಾರಸಿನ ಬಲವನ್ನೂ ಆಧಾರದ ಖಚಿತತೆಯನ್ನೂ ಅಳೆಯುವ ಗ್ರೇಡ್ ಎಂಬ ಪದ್ಧತಿಯ ಜೀವಾಳ. 2000ದಲ್ಲಿ ಶುರುವಾದ ಕಾರ್ಯಗುಂಪೊಂದು ಇದನ್ನು ರೂಪಿಸಿತು. ಬಲವಾದ ಶಿಫಾರಸು ಎಂದರೆ ವಿಷಯ ತಿಳಿದ ಹೆಚ್ಚಿನ ರೋಗಿಗಳು ಅದನ್ನೇ ಆರಿಸಿಕೊಳ್ಳುತ್ತಾರೆ ಎಂದರ್ಥ. ಷರತ್ತಿನದು ಎಂದರೆ ಬಹಳ ಜನ ಆರಿಸಿಕೊಂಡಾರು, ಕೆಲವರು ಬೇಡವೆಂದಾರು, ಆದ್ದರಿಂದ ವೈದ್ಯರು ರೋಗಿಯ ಜೊತೆ ಕೂತು ಮಾತಾಡಬೇಕು. ಆಧಾರ ಕಡಿಮೆಯಿದ್ದೂ ಶಿಫಾರಸು ಬಲವಾಗಿರುವ ಸಂದರ್ಭಗಳಿವೆ, ಉಲ್ಟಾನೂ ಇದೆ. ಹಾಗಾಗಿ ಆವರಣದಲ್ಲಿರುವುದನ್ನು ನೋಡಿಕೊಂಡು ಕ್ರಿಯಾಪದವನ್ನು ನೀನೇ ಏರಿಸುವುದು, ಇಳಿಸುವುದು ಮಾಡಬೇಡ.

ಈಗ ರಷ್ಯನ್ನಿನ ಕಷ್ಟಕ್ಕೆ ಬರುತ್ತೇನೆ. 'ಸಜೆಸ್ಟ್'ಗೆ ನಿಘಂಟು ಕೊಡುವ 'ಪ್ರೆದ್ಲಗಾತ್' ಎನ್ನುವುದು ಅಂಗಡಿಯವನು ಮಾಲು ಮುಂದಿಡುವುದಕ್ಕೂ, ಸಭೆಯಲ್ಲಿ ಠರಾವು ಮಂಡಿಸುವುದಕ್ಕೂ ಬರುವ ಪದ. ತಪ್ಪಲ್ಲ, ಬಳಕೆಯಲ್ಲೂ ಇದೆ, ಆದರೆ ಒಂಟಿಯಾಗಿ ನಿಂತರೆ ಓದುಗ ತಡವರಿಸುತ್ತಾನೆ. ಪಕ್ಕದಲ್ಲೇ 'ಉಸ್ಲೋವ್ನಯಾ ರೆಕಮೆಂದಾತ್ಸಿಯಾ', ಅಂದರೆ ಷರತ್ತಿನ ಶಿಫಾರಸು ಎಂದು ಬಂದರೆ ಸರಿಹೋಗುತ್ತದೆ. ಆ 'ಉಸ್ಲೋವ್ನಿ'ಯದೂ ಒಂದು ಕತೆ. ನ್ಯಾಯಾಲಯದಲ್ಲಿ ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಡುವ ಶಿಕ್ಷೆಗೂ ಅದೇ ವಿಶೇಷಣ; ನೆಪಮಾತ್ರದ್ದು ಎಂಬ ಛಾಯೆಯೂ ಇದೆ. ಆದರೂ ಅದನ್ನೇ ಬಳಸು. ವೈದ್ಯರ ಕಣ್ಣು ಅದಕ್ಕೆ ಒಗ್ಗಿದೆ, ನೀನು ಹೊಸದೊಂದು ಹುಟ್ಟಿಸಿದರೆ ಗೊಂದಲ ಎರಡಾಗುತ್ತದೆ. ಬಲವಾದದ್ದಕ್ಕೆ 'ಸೀಲ್ನಯಾ', 'ನಸ್ತಯಾತೆಲ್ನಯಾ' ಎರಡೂ ಓಡಾಡುತ್ತವೆ. ಕೆಲಸ ಕೊಟ್ಟವರು ಯಾವುದನ್ನು ಹಿಂದೆ ಬಳಸಿದ್ದಾರೆ ಕೇಳಿ, ಅದನ್ನೇ ಕೊನೆಯವರೆಗೆ ಹಿಡಿ.

ಯೂರೋಪಿನ ಹೃದ್ರೋಗ ತಜ್ಞರ ಸಂಘದ ದಾಖಲೆಗಳು ಬಂದರೆ ಮೆಟ್ಟಿಲು ಬೇರೆ. ಅವರಲ್ಲಿ ಒಂದನೆಯ ವರ್ಗ ಮಾಡಬೇಕಾದದ್ದು. ಎರಡನೆಯದರಲ್ಲಿ 'ಎ' ಎಂದರೆ 'ಶುಡ್ ಬಿ ಕನ್ಸಿಡರ್ಡ್', ಅಂದರೆ ಪರಿಗಣಿಸಬೇಕು, 'ಬಿ' ಎಂದರೆ 'ಮೇ ಬಿ ಕನ್ಸಿಡರ್ಡ್'. ಮೂರನೆಯದು ಬೇಡ ಎನ್ನುವುದು. ಇಲ್ಲಿ ಪದಕ್ಕೆ ಪದ ಇಟ್ಟು 'ದೋಲ್ಝ್ನೊ ಬೀತ್ ರಸ್ಸ್‌ಮೋತ್ರೆನೊ' ಅಂದರೆ ಯಾವುದೋ ಸಮಿತಿ ಕಡತ ತೆರೆದು ಪರಿಶೀಲಿಸಬೇಕು ಎಂಬಂತೆ ಕೇಳುತ್ತದೆ. 'ತ್ಸೆಲೆಸೊಒಬ್ರಾಜ್ನೊ', ಅಂದರೆ ಉದ್ದೇಶಕ್ಕೆ ತಕ್ಕದ್ದು, ರಷ್ಯನ್ನರ ಸ್ವಂತ ಕಚೇರಿ ಪದ. ಉಚ್ಚರಿಸಲು ನಾಲಿಗೆ ಹೊರಳುವುದಿಲ್ಲ, ಆದರೆ ಆ ಜಾಗಕ್ಕೆ ಚೆನ್ನಾಗಿ ಕೂರುತ್ತದೆ.

ಇಷ್ಟೆಲ್ಲ ಚೌಕಾಸಿ ಯಾಕೆ ಎಂದು ಕೇಳುತ್ತೀಯ. ರಷ್ಯಾದಲ್ಲಿ ಶಿಫಾರಸು ಎಂಬ ಪದ ಬರೀ ಸಲಹೆಯಾಗಿ ಉಳಿದಿಲ್ಲ. 2018ರ ಡಿಸೆಂಬರಿನಲ್ಲಿ ಅಲ್ಲಿನ ಆರೋಗ್ಯ ಕಾಯ್ದೆಗೆ ತಿದ್ದುಪಡಿ ತಂದು, ಆರೋಗ್ಯ ಸಚಿವಾಲಯ ಒಪ್ಪಿದ ಕ್ಲಿನಿಕಲ್ ಶಿಫಾರಸುಗಳ ಆಧಾರದ ಮೇಲೆಯೇ ಚಿಕಿತ್ಸೆ ನಡೆಯಬೇಕೆಂದರು. ಹಂತಹಂತವಾಗಿ ಜಾರಿಗೆ ಬಂದು 2025ರ ಜನವರಿ 1ಕ್ಕೆ ಪೂರ್ತಿಯಾಯಿತು. ಆ ದಾಖಲೆಗಳಲ್ಲಿ ಪ್ರತಿ ಅಂಶವೂ 'ರೆಕಮೆಂದುಯೆತ್ಸಾ' ಎಂದೇ ಶುರುವಾಗುವುದು ವಾಡಿಕೆ. ಬಲವನ್ನು ಹೇಳುವುದು ಕೆಳಗಿನ ಸಾಲಿನ ಎ, ಬಿ, ಸಿ ದರ್ಜೆ, ಆಧಾರಕ್ಕೆ 1ರಿಂದ 5ರವರೆಗಿನ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ಹಾಳೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ನಿಜ. ಆದರೆ ಓದುವವರು ಅದೇ ವೈದ್ಯರು. ತಜ್ಞರು ತಗ್ಗಿದ ದನಿಯಲ್ಲಿ ಹೇಳಿದ್ದನ್ನು ನೀನು 'ರೆಕಮೆಂದುಯೆತ್ಸಾ' ಎಂದರೆ ಅವರಿಗೆ ಅಪ್ಪಣೆಯ ದನಿ ಕೇಳಿಸುತ್ತದೆ. ರಷ್ಯನ್ನರ 'ಎ' ದರ್ಜೆಯನ್ನೂ ಗ್ರೇಡಿನ ಬಲವಾದ ಶಿಫಾರಸನ್ನೂ ಸಮ ಎಂದು ಬರೆಯುವ ಆಸೆ ಬಂದೀತು, ಬೇಡ. ಅವು ಬೇರೆಬೇರೆ ಅಳತೆಗೋಲು.

ಅದೇ ಗುಂಪಿನ ಇನ್ನೊಂದು ತೊಡಕು: ಇಂಗ್ಲಿಷಿನಲ್ಲಿ ಇಡೀ ದಾಖಲೆ 'ಗೈಡ್‌ಲೈನ್', ಒಳಗಿನ ಒಂದೊಂದು ಅಂಶ 'ರೆಕಮೆಂಡೇಶನ್'. ರಷ್ಯನ್ನಿನಲ್ಲಿ ದಾಖಲೆಯೇ 'ಕ್ಲಿನೀಚೆಸ್ಕಿಯೆ ರೆಕಮೆಂದಾತ್ಸಿಯಿ'. ಹಾಗಾದರೆ ಶಿಫಾರಸುಗಳೊಳಗಿನ ಐದನೆಯ ಶಿಫಾರಸು ಎಂದು ಹೇಗೆ ಬರೆಯುವುದು? ಅವರೇ 'ತೇಜಿಸ್-ರೆಕಮೆಂದಾತ್ಸಿಯಾ' ಎಂಬ ಜೋಡುಪದ ಮಾಡಿಕೊಂಡಿದ್ದಾರೆ. ಗುರುತಿಟ್ಟುಕೋ, ಬೇಕಾದೀತು.

ನಿನ್ನ ಮಾದರಿಯಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ನಿಷೇಧದ ವಾಕ್ಯ. ಮೂಲದಲ್ಲಿ ಒಂದು ಕಡೆ, ಈ ಔಷಧ ಕೊಡಬೇಡಿ ಎಂದಿದೆ. ಇನ್ನೊಂದು ಕಡೆ, ಕೊಡಿ ಎಂದೂ ಕೊಡಬೇಡಿ ಎಂದೂ ಹೇಳಲು ನಮ್ಮ ಬಳಿ ಆಧಾರವಿಲ್ಲ ಎಂದಿದೆ. ನೀನು ಎರಡಕ್ಕೂ 'ನೆ ರೆಕಮೆಂದುಯೆತ್ಸಾ' ಹಾಕಿದ್ದೀಯ. ಕನ್ನಡದಲ್ಲೂ 'ಶಿಫಾರಸು ಮಾಡುವುದಿಲ್ಲ' ಎಂಬುದಕ್ಕೆ ಇದೇ ಇಬ್ಬಂದಿ ಇದೆ, ಅದಕ್ಕೇ ನಿನ್ನ ಕಿವಿಗೆ ಅದು ತಟ್ಟಲಿಲ್ಲವೇನೋ. ಆದರೆ ರಷ್ಯನ್ ವೈದ್ಯರು ಅದನ್ನು ಬೇಡ ಎಂದೇ ಓದುತ್ತಾರೆ. ಎರಡನೆಯದನ್ನು ಬಿಡಿಸಿ ಬರೆ: ಪರವಾಗಿಯೂ ವಿರುದ್ಧವಾಗಿಯೂ ಶಿಫಾರಸು ನೀಡಲಾಗದು ಎಂದು. ನಾಲ್ಕು ಪದ ಜಾಸ್ತಿಯಾದರೆ ಆಗಲಿ.

'ಎವಿಡೆನ್ಸ್'ಗೆ ಬರುವ 'ದಕಜಾತೆಲ್ಸ್ತ್ವಾ' ಗಣಿತದ ಪ್ರಮೇಯದ ಸಾಧನೆಗೂ ಕೋರ್ಟಿನ ಸಾಕ್ಷ್ಯಕ್ಕೂ ಬರುವ ಪದ. ಆಧಾರ ಸಾಲದು ಎಂದು ಬರೆದರೆ ಆರೋಪಿ ಬಿಡುಗಡೆಯಾದಂತೆ ಧ್ವನಿಸುತ್ತದೆ. ಆಧಾರಾಧಾರಿತ ವೈದ್ಯಕೀಯ ಎಂಬ ಶಾಖೆಗೆ 'ದಕಜಾತೆಲ್ನಯಾ ಮೆದಿತ್ಸೀನಾ' ಎಂದು ನೆಲೆಯೂರಿದೆ, ಅದರ ತಂಟೆಗೆ ಹೋಗಬೇಡ. ಬಿಡಿ ವಾಕ್ಯಗಳಲ್ಲಿ ಮಾತ್ರ ಕೆಲವು ಕಡೆ 'ದಾನ್ನಿಯೆ', ಅಂದರೆ ದತ್ತಾಂಶ, ಎಂದರೆ ಹಗುರವಾಗುತ್ತದೆ. ಇನ್ನು ತಜ್ಞರ 'ಪ್ಯಾನಲ್' ಅನ್ನು 'ಪನೇಲ್' ಎಂದಿದ್ದೀಯಲ್ಲ, ಅಲ್ಲಿ ನಕ್ಕುಬಿಟ್ಟೆ. ಅದು ಸೋವಿಯತ್ ಕಾಲದ ವಠಾರ ಕಟ್ಟಿದ ಕಾಂಕ್ರೀಟ್ ಹಲಗೆ! 'ಗ್ರುಪ್ಪಾ ಎಕ್ಸ್‌ಪೆರ್ತೊವ್', ಅಂದರೆ ತಜ್ಞರ ಗುಂಪು, ಎನ್ನು, ಸಾಕು.

ಓದುಗರು ಮಾಸ್ಕೋದವರು ಮಾತ್ರ ಎಂದುಕೊಳ್ಳಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಲಯದಲ್ಲಿ 53 ದೇಶಗಳಿವೆ, ಕಜಕಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನಗಳೂ ಅದರಲ್ಲೇ. ಕೋಪನ್‌ಹೇಗನ್ನಿನ ಆ ಕಚೇರಿಗೆ ರಷ್ಯನ್ ಕೂಡ ಕೆಲಸದ ಭಾಷೆ. ಕಿರ್ಗಿಸ್ತಾನದ ಬಿಷ್ಕೆಕ್ಕಿನ ಕ್ಷಯ ಆಸ್ಪತ್ರೆಯಲ್ಲಿ ಓದುವವರಿಗೆ ರಷ್ಯನ್ ಎರಡನೆಯ ಭಾಷೆಯಾಗಿರಬಹುದು. ಕೃದಂತಗಳ ಸರಪಳಿ ಹೆಣೆಯುವ ಮುನ್ನ ಅವರನ್ನು ನೆನೆಸಿಕೋ.

ತಿದ್ದುವ ಸಂಪಾದಕರ ಮೇಲೂ ಒಂದು ಕಣ್ಣಿರಲಿ. ಪುನರುಕ್ತಿ ಎಂದು ಕ್ರಿಯಾಪದಗಳನ್ನು ಅಂದಗೊಳಿಸುವವರು ಇರುತ್ತಾರೆ. ಅನುವಾದದ ಜೊತೆ ಒಂದು ಪುಟ ಪದಪಟ್ಟಿ ಲಗತ್ತಿಸು: ಮೂಲದ ಯಾವ ಕ್ರಿಯಾಪದಕ್ಕೆ ನಿನ್ನದು ಯಾವುದು, ಯಾಕೆ ಬದಲಿಸಬಾರದು. ಕೊನೆಯ ಕರಡು ಮುದ್ರಣಕ್ಕೆ ಹೋಗುವ ಮೊದಲು ನಿನಗೆ ತೋರಿಸಬೇಕು ಎಂದು ಒಪ್ಪಂದದಲ್ಲೇ ಬರೆಸು. ಮತ್ತೆ ಹಣದ ಮಾತು. ಪದಕ್ಕಿಷ್ಟು ಎಂದು ಒಪ್ಪಿಕೊಂಡರೆ ಒಂದು ಕ್ರಿಯಾಪದಕ್ಕೆ ಮಧ್ಯಾಹ್ನವಿಡೀ ಕೂತಿದ್ದಕ್ಕೆ ಚಿಲ್ಲರೆ ಕಾಸು ಸಿಗುತ್ತದೆ. ಗಂಟೆ ಲೆಕ್ಕದಲ್ಲಿ ಕೇಳು. ಕೊಡುವುದಿಲ್ಲ ಎಂದರೆ ಪದಪಟ್ಟಿಗೆ ಬೇರೆ ದರ ಕೇಳು.

ತಿದ್ದಿದ ಕರಡನ್ನು ಮೂಲದ ಸಮೇತ ಕಳಿಸು. ಮೂಲವಿಲ್ಲದೆ ನಾನು ಓದುವುದಿಲ್ಲ.

ಇತಿ,
ನಿನ್ನ ಅಣ್ಣ