ಸಂವಿಧಾನ ತಿದ್ದುವ ಸಮಾವೇಶ: ನಮ್ಮ ರಾಜ್ಯದ ಕರೆಗಳನ್ನು ಹಿಂಪಡೆಯಿರಿ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶ
ಫೆಬ್ರವರಿ 2025

ನಮ್ಮ ಕ್ಷೇತ್ರದ ಮಾನ್ಯ ರಾಜ್ಯ ಸೆನೆಟರ್ ಅವರಿಗೆ,
ಕ್ಯಾಲಿಫೋರ್ನಿಯಾ ಶಾಸನಸಭೆ, ಸ್ಯಾಕ್ರಮೆಂಟೊ

ವಿಷಯ: ಅಮೆರಿಕದ ಸಂವಿಧಾನದ 5ನೇ ವಿಧಿಯನ್ವಯ ಸಮಾವೇಶ ಕರೆಯಬೇಕೆಂದು ಕ್ಯಾಲಿಫೋರ್ನಿಯಾ ಸಲ್ಲಿಸಿರುವ ಮನವಿಗಳ ಕುರಿತು.

ಮಾನ್ಯರೇ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕನ್ನಡದಲ್ಲೂ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ಈ ಭಾಗದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನಂತೆ ಪೌರತ್ವ ಪಡೆದು ಮತ ಹಾಕುವವರು ಸಾಕಷ್ಟು ಮಂದಿ ಇದ್ದಾರೆ; ಆದರೆ ಸಮಾವೇಶದ ವಿಷಯ ನಮ್ಮ ಮನೆಗಳ ಮಾತುಕತೆಗೆ ಬಂದೇ ಇಲ್ಲ. ಪೌರತ್ವದ ಪರೀಕ್ಷೆಗೆ ನೂರು ಪ್ರಶ್ನೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆಲ್ಲ ಸಂವಿಧಾನಕ್ಕೆ 27 ತಿದ್ದುಪಡಿಗಳಾಗಿವೆ ಎಂಬುದು ಗೊತ್ತು. ಆ 27ನ್ನೂ ಪ್ರಸ್ತಾಪಿಸಿದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಎಂಬುದನ್ನಾಗಲಿ, ಇದುವರೆಗೆ ಯಾರೂ ತುಳಿಯದ ಇನ್ನೊಂದು ದಾರಿ ಅದೇ ವಿಧಿಯಲ್ಲಿದೆ ಎಂಬುದನ್ನಾಗಲಿ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ಆ ದಾರಿ ತಮಗೆ ತಿಳಿದದ್ದೇ. ಮೂರನೇ ಎರಡರಷ್ಟು ರಾಜ್ಯಗಳ, ಅಂದರೆ 34 ರಾಜ್ಯಗಳ ಶಾಸನಸಭೆಗಳು ಮನವಿ ಸಲ್ಲಿಸಿದರೆ ತಿದ್ದುಪಡಿಗಳನ್ನು ಪ್ರಸ್ತಾಪಿಸುವ ಸಮಾವೇಶವನ್ನು ಕಾಂಗ್ರೆಸ್ ಕರೆಯಲೇಬೇಕು. ಅಲ್ಲಿ ಹೊರಬಂದದ್ದನ್ನು 38 ರಾಜ್ಯಗಳು ಅನುಮೋದಿಸಿದರೆ ಅದು ಸಂವಿಧಾನದ ಭಾಗವಾಗುತ್ತದೆ. ಕ್ಯಾಲಿಫೋರ್ನಿಯಾದಿಂದ ಹೋದ ಇಂಥ ಏಳು ಮನವಿಗಳು ಇಂದಿಗೂ ಚಾಲ್ತಿಯಲ್ಲಿವೆ. ಚುನಾವಣೆಯಲ್ಲಿ ಹಣದ ಹರಿವಿಗೆ ಕಡಿವಾಣ ಹಾಕಲು 2014ರಲ್ಲಿ ಒಂದು ಹೋಯಿತು. ಬಂದೂಕು ಖರೀದಿಯ ವಯಸ್ಸನ್ನು 21ಕ್ಕೆ ಏರಿಸುವುದೂ ಸೇರಿದಂತೆ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರು ಮುಂದಿಟ್ಟ ನಾಲ್ಕು ಅಂಶಗಳಿಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹೋಯಿತು. ಈ ಏಳನ್ನೂ ಹಿಂಪಡೆಯುವ ನಿರ್ಣಯವನ್ನು ಸೆನೆಟರ್ ಸ್ಕಾಟ್ ವೀನರ್ ಅವರು ಕಳೆದ ಡಿಸೆಂಬರ್‌ನಲ್ಲಿ ಮಂಡಿಸಿದ್ದಾರೆ. ತಾವು ಅದರ ಪರವಾಗಿ ಮತ ಹಾಕಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ.

ಸಮಾವೇಶ ಬೇಕೆನ್ನುವವರನ್ನು ನಾನು ಸಂವಿಧಾನದ ಶತ್ರುಗಳೆಂದು ಭಾವಿಸಿಲ್ಲ. ಅವರ ವಾದದ ಬೇರು 1787ರ ಫಿಲಡೆಲ್ಫಿಯಾದಲ್ಲೇ ಇದೆ. ಕರಡು ಬಹುತೇಕ ಮುಗಿದಿದ್ದ ಸೆಪ್ಟೆಂಬರ್ 15ರಂದು ವರ್ಜೀನಿಯಾದ ಜಾರ್ಜ್ ಮೇಸನ್ ಎದ್ದು ನಿಂತು, ತಿದ್ದುಪಡಿಯ ಕೀಲಿಯೆಲ್ಲ ಕಾಂಗ್ರೆಸ್ಸಿನ ಕೈಯಲ್ಲೇ ಇದ್ದರೆ, ಸರ್ಕಾರವೇ ದಬ್ಬಾಳಿಕೆಗೆ ಇಳಿದಾಗ ಜನರಿಗೆ ಬೇಕಾದ ತಿದ್ದುಪಡಿ ಎಂದಿಗೂ ಸಿಗದು ಎಂದು ಆಕ್ಷೇಪಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು ಎಂದು ನಮ್ಮ ಕಡೆ ಹೇಳುವ ಮಾತು ಇದೇ. ರಾಜ್ಯಗಳ ಸಮಾವೇಶದ ಅವಕಾಶ ಸೇರಿದ್ದು ಆ ಆಕ್ಷೇಪಣೆಯಿಂದ. ತನ್ನ ಸದಸ್ಯರ ಅವಧಿಗೆ ಮಿತಿ ಹಾಕುವ ತಿದ್ದುಪಡಿಯನ್ನು ಕಾಂಗ್ರೆಸ್ ತಾನಾಗಿ ಪ್ರಸ್ತಾಪಿಸುತ್ತದೆಂದು ನಂಬುವವರು ಇಂದು ಎಷ್ಟು ಜನರಿದ್ದಾರೆ? ಬೆದರಿಕೆಯಾಗಿಯಾದರೂ ಈ ಅವಕಾಶ ಕೆಲಸ ಮಾಡಿದೆ ಎಂಬುದನ್ನೂ ಒಪ್ಪಬೇಕು. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕೆಂಬ ಬೇಡಿಕೆಗೆ ದಶಕಗಳ ಕಾಲ ಕಿವಿಗೊಡದ ಫೆಡರಲ್ ಸೆನೆಟ್, ಸಮಾವೇಶ ಕೋರುವ ರಾಜ್ಯಗಳ ಸಂಖ್ಯೆ ಏರುತ್ತ ಬಂದಾಗ 1911ರಲ್ಲಿ ಮಣಿಯಿತು. 1913ರಲ್ಲಿ 17ನೇ ತಿದ್ದುಪಡಿ ಜಾರಿಯಾಯಿತು.

ಆದರೆ ಮೇಸನ್ ಅವರ ಮಾತನ್ನು ಉಲ್ಲೇಖಿಸುವವರು ಅದೇ ದಿನ ಜೇಮ್ಸ್ ಮ್ಯಾಡಿಸನ್ ಎತ್ತಿದ ಸಂದೇಹವನ್ನು ಬಿಟ್ಟುಬಿಡುತ್ತಾರೆ. ಸಮಾವೇಶಕ್ಕೆ ತಮ್ಮ ವಿರೋಧವಿಲ್ಲ, ಆದರೆ ಅದರ ಸ್ವರೂಪ, ಕೋರಂ ಮುಂತಾದವುಗಳಲ್ಲಿ ತೊಡಕು ಬರಬಹುದು ಎಂದರು ಅವರು. ಆ ತೊಡಕನ್ನು ಯಾರೂ ಬಿಡಿಸಲಿಲ್ಲ. ಪ್ರತಿನಿಧಿಗಳನ್ನು ಯಾರು ಆರಿಸಬೇಕು, ಪ್ರತಿ ರಾಜ್ಯಕ್ಕೆ ಒಂದೇ ಮತವೋ ಜನಸಂಖ್ಯೆಗೆ ತಕ್ಕಷ್ಟು ಮತಗಳೋ, ಪ್ರಸ್ತಾಪವೊಂದು ಅಂಗೀಕಾರವಾಗಲು ಸರಳ ಬಹುಮತ ಸಾಕೋ, ಕರೆದ ವಿಷಯದ ಆಚೆಗೆ ಹೋದರೆ ತಡೆಯುವವರು ಯಾರು ಎಂಬ ಯಾವ ಪ್ರಶ್ನೆಗೂ 5ನೇ ವಿಧಿಯಲ್ಲಿ ಉತ್ತರವಿಲ್ಲ. ಕಾನೂನಿನ ಮೂಲಕ ಉತ್ತರ ಕೊಡುವ ಪ್ರಯತ್ನ ಆಗದೆ ಇಲ್ಲ. ಸೆನೆಟರ್ ಸ್ಯಾಮ್ ಅರ್ವಿನ್ ಅವರ ಕಾರ್ಯವಿಧಾನದ ಮಸೂದೆಗೆ ಸೆನೆಟ್ 1971ರಲ್ಲೂ 1973ರಲ್ಲೂ ಒಪ್ಪಿಗೆ ಕೊಟ್ಟಿತು; ಕೆಳಮನೆ ಕೈಹಾಕಲಿಲ್ಲ. ಪಂಕ್ತಿ ಕೂರಿಸಿ ಎಲೆ ಹಾಕಿದ ಮೇಲೆ ಅಕ್ಕಿ ತೊಳೆಯಲು ಹೊರಡುವ ಸ್ಥಿತಿ ಇದು.

ಇಲ್ಲಿ ಹುಟ್ಟೂರಿನ ಕಡೆಯ ಒಂದು ನೆನಪನ್ನು ತಾವು ಮನ್ನಿಸಬೇಕು. ಭಾರತದ ಸಂವಿಧಾನ ಸಭೆ 1946ರ ಡಿಸೆಂಬರ್ 9ರಂದು ಸೇರಿತು. ಧ್ಯೇಯಗಳ ನಿರ್ಣಯಕ್ಕೆ ಅದು ಒಪ್ಪಿಗೆ ಕೊಟ್ಟದ್ದು ಮುಂದಿನ ಜನವರಿ 22ರಂದು. ತನ್ನ ಕಾರ್ಯವಿಧಾನದ ನಿಯಮಗಳನ್ನು ಮಾತ್ರ ಡಿಸೆಂಬರ್ ತಿಂಗಳಲ್ಲೇ ಚರ್ಚಿಸಿ ಅಂಗೀಕರಿಸಿಕೊಂಡಿತ್ತು. ಆ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಬಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆ ಭೇಟಿಯ ನಂತರ ಭಾರತದ ಕರಡಿನಿಂದ ‘ಡ್ಯೂ ಪ್ರಾಸೆಸ್’ (ನ್ಯಾಯಯುತ ಕಾನೂನು ಪ್ರಕ್ರಿಯೆ) ಎಂಬ ಅಮೆರಿಕದ ಮಾದರಿಯ ಪದಗುಚ್ಛವೇ ಬಿದ್ದುಹೋಗಿ, ‘ಕಾನೂನು ವಿಧಿಸಿದ ಕಾರ್ಯವಿಧಾನ’ ಎಂಬುದು ಅದರ ಜಾಗಕ್ಕೆ ಬಂತು. ಆ ಬದಲಾವಣೆ ಸರಿಯೇ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ಒಂದು ಪದಗುಚ್ಛಕ್ಕಾಗಿ ಸಮುದ್ರ ದಾಟಿ ವಿಚಾರಿಸಿ ಹೋದವರ ಊರಿನ ಕಡೆಯಿಂದ ಬಂದ ನನಗೆ, ಸಭೆ ನಡೆಸುವ ನಿಯಮವೇ ಇಲ್ಲದ ಸಭೆಯನ್ನು ಕರೆಯಿರಿ ಎನ್ನುವ ಆತುರ ಅರ್ಥವಾಗುವುದಿಲ್ಲ.

ನಮ್ಮ ರಾಜ್ಯಕ್ಕೆ ಇದರಿಂದ ಆಗುವ ನಷ್ಟದ ಲೆಕ್ಕವೂ ಸರಳವಾಗಿದೆ. ಫಿಲಡೆಲ್ಫಿಯಾದಲ್ಲಿ ರಾಜ್ಯಕ್ಕೊಂದು ಮತವಿತ್ತು. ಮುಂದೆಯೂ ಹಾಗೆಯೇ ಇರಬೇಕೆಂಬುದು ಸಮಾವೇಶದ ಪರ ಚಳವಳಿಗಾರರ ನಿಲುವು. 2020ರ ಜನಗಣತಿಯ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ 3 ಕೋಟಿ 95 ಲಕ್ಷ ಜನ, ವಯೋಮಿಂಗ್‌ನಲ್ಲಿ 5 ಲಕ್ಷ 77 ಸಾವಿರ. ಇಬ್ಬರಿಗೂ ಒಂದೊಂದು ಮತ. ಜನಸಂಖ್ಯೆಯಲ್ಲಿ ಅತಿ ಚಿಕ್ಕವಾದ 26 ರಾಜ್ಯಗಳು ಒಂದಾದರೆ ಸಮಾವೇಶದಲ್ಲಿ ಬಹುಮತ ಸಿಗುತ್ತದೆ. ಅವುಗಳಲ್ಲಿ ವಾಸಿಸುವವರು ದೇಶದ ಐದನೇ ಒಂದು ಭಾಗಕ್ಕಿಂತ ಕಡಿಮೆ. ಬಂದೂಕಿನ ವಿಷಯಕ್ಕೆಂದು ನಾವು ತೆರೆದ ಬಾಗಿಲಿನಿಂದ ಯಾರು ಒಳಗೆ ಬರುತ್ತಾರೆಂಬುದು ಆಗ ನಮ್ಮ ಕೈಯಲ್ಲಿರುವುದಿಲ್ಲ.

2023ರ ನಿರ್ಣಯದಲ್ಲೇ ಅದಕ್ಕೆ ರಕ್ಷಣೆಯಿದೆ, ಬೇರೆ ವಿಷಯ ಸೇರಿದರೆ ನಮ್ಮ ಮನವಿ ರದ್ದಾಗುತ್ತದೆ ಎಂದು ತಾವು ಹೇಳಬಹುದು. ಆ ಷರತ್ತಿಗೆ ಬೆಲೆಯಿದೆಯೇ ಎಂದು ತೀರ್ಮಾನಿಸುವವರು ಯಾರು? ಎಣಿಕೆ ಮಾಡುವ ಕಾಂಗ್ರೆಸ್ಸೋ, ನ್ಯಾಯಾಲಯವೋ, ಸಮಾವೇಶವೇ ಸ್ವತಃವೋ? ಬೇರೆ ಬೇರೆ ವಿಷಯಗಳ ಹಳೆಯ ಮನವಿಗಳನ್ನೆಲ್ಲ ಕೂಡಿಸಿದರೆ 34ರ ಗಡಿ ಎಂದೋ ದಾಟಿದೆ ಎಂದು ವಾದಿಸುವವರಿದ್ದಾರೆ. ಆ ಕೂಡುಲೆಕ್ಕದಲ್ಲಿ ನ್ಯೂಯಾರ್ಕ್ 1789ರಲ್ಲಿ ಕಳಿಸಿದ ಕರೆಯೂ ಬರುತ್ತದೆ. ಟೆಕ್ಸಾಸ್‌ನ ಜೋಡಿ ಆರಿಂಗ್ಟನ್ ಅವರು 2022ರಲ್ಲಿ ಸಮಾವೇಶ ಕರೆಯುವ ನಿರ್ಣಯವನ್ನು ಕೆಳಮನೆಯಲ್ಲಿ ಮಂಡಿಸಿಯೂ ಆಗಿದೆ. ಹಳೆಯ ಕಾಗದಗಳು ಸತ್ತಿವೆ ಎಂದು ಭರವಸೆಯಿಂದಿರಲು ಈ ದೇಶದಲ್ಲಿ ಸಾಧ್ಯವಿಲ್ಲ. 1789ರಲ್ಲಿ ರಾಜ್ಯಗಳಿಗೆ ಹೋದ ತಿದ್ದುಪಡಿಯೊಂದಕ್ಕೆ ಟೆಕ್ಸಾಸ್‌ನ ಒಬ್ಬ ಕಾಲೇಜು ವಿದ್ಯಾರ್ಥಿ 1982ರಲ್ಲಿ ಪ್ರಬಂಧ ಬರೆದು ಮತ್ತೆ ಜೀವ ಕೊಟ್ಟ. ಅದು 1992ರಲ್ಲಿ 27ನೇ ತಿದ್ದುಪಡಿಯಾಯಿತು. ಪ್ರಬಂಧಕ್ಕೆ ಅವನಿಗೆ ಬಂದದ್ದು ‘ಸಿ’ ದರ್ಜೆ.

38 ರಾಜ್ಯಗಳ ಅನುಮೋದನೆಯೇ ದೊಡ್ಡ ತಡೆಗೋಡೆ ಎಂಬ ಉತ್ತರ ಈ ಚರ್ಚೆಯಲ್ಲಿ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. 13 ರಾಜ್ಯಗಳು ಒಲ್ಲೆ ಎಂದರೆ ಯಾವ ತಿದ್ದುಪಡಿಯೂ ಮುಂದೆ ಹೋಗದು. ಸಮಾವೇಶ ಒಂದು ವಾರದಲ್ಲಿ ಸಂವಿಧಾನವನ್ನೇ ಹರಿದು ಹಾಕುತ್ತದೆಂದು ಹೆದರಿಸುವವರ ಮಾತನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೂ ಒಂದು ಸಂಗತಿಯನ್ನು ಮರೆಯಲಾಗದು. ಹಳೆಯ ಒಕ್ಕೂಟದ ಕರಾರನ್ನು ಪರಿಷ್ಕರಿಸಲೆಂದೇ ಕರೆದ ಸಭೆ 1787ರಲ್ಲಿ ಹೊಸ ಸಂವಿಧಾನ ಬರೆಯಿತು. ಆ ಕರಾರು ತಿದ್ದುಪಡಿಗೆ ಹದಿಮೂರೂ ರಾಜ್ಯಗಳ ಒಪ್ಪಿಗೆ ಕೇಳುತ್ತಿದ್ದರೂ ಸಭೆ ಒಂಬತ್ತು ಸಾಕೆಂದಿತು. ಫಲ ಒಳ್ಳೆಯದಾಯಿತು. ಮತ್ತೊಮ್ಮೆಯೂ ಒಳ್ಳೆಯದಾಗುತ್ತದೆಂದು ಹೇಳುವವರಿಗೆ ಉತ್ತರ ಹುಡುಕಲು ನಾವು ಫಿಲಡೆಲ್ಫಿಯಾವರೆಗೆ ಹೋಗಬೇಕಿಲ್ಲ, ತಮ್ಮ ಸ್ಯಾಕ್ರಮೆಂಟೊ ಸಾಕು.

ಅಲ್ಲಿ 1878ರ ಸೆಪ್ಟೆಂಬರ್‌ನಲ್ಲಿ 152 ಪ್ರತಿನಿಧಿಗಳ ಸಮಾವೇಶ ಸೇರಿ ನಮ್ಮ ರಾಜ್ಯದ ಈಗಿನ ಸಂವಿಧಾನವನ್ನು ಬರೆಯಿತು. ನಿರುದ್ಯೋಗ ಹೆಚ್ಚಿದ್ದ ಕಾಲ, ರೈಲು ಕಂಪನಿಗಳ ಮೇಲಿನ ಜನರ ಸಿಟ್ಟಿಗೆ ಕಾರಣವೂ ಇತ್ತು. ಆ ಸಿಟ್ಟು ಹರಿದದ್ದು ಮಾತ್ರ ಬೇರೆ ಕಡೆಗೆ. ಪ್ರತಿನಿಧಿಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿ, ಸ್ವತಃ ಐರ್ಲೆಂಡ್‌ನಿಂದ ವಲಸೆ ಬಂದಿದ್ದ ಡೆನಿಸ್ ಕೀರ್ನಿ ಅವರ ಕಾರ್ಮಿಕ ಪಕ್ಷದವರು. ಚೀನಿಯರು ತೊಲಗಬೇಕು ಎಂಬುದು ಅವರ ಘೋಷಣೆ. ಯಾವ ಕಂಪನಿಯೂ ಚೀನಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು, ಸಾರ್ವಜನಿಕ ಕಾಮಗಾರಿಯಲ್ಲಿ ಅವರಿಗೆ ಕೆಲಸ ಕೊಡಕೂಡದು ಎಂದು 19ನೇ ವಿಧಿಯಲ್ಲಿ ಬರೆಯಲಾಯಿತು. ಚೀನಾದಲ್ಲಿ ಹುಟ್ಟಿದವರಿಗೆ ಮತದ ಹಕ್ಕಿಲ್ಲ ಎಂಬುದನ್ನು ಬುದ್ಧಿಭ್ರಮಣೆಯಾದವರಿಗೆ ಇಲ್ಲ ಎಂಬುದರ ಜೊತೆಗೇ ಸೇರಿಸಲಾಯಿತು. 1879ರ ಮೇ ತಿಂಗಳಲ್ಲಿ ಮತದಾರರು ಅದನ್ನು ಅನುಮೋದಿಸಿದರು. ಅನುಮೋದನೆಯ ತಡೆಗೋಡೆ ಅಲ್ಲಿಯೂ ಇತ್ತು ಎಂಬುದನ್ನು ತಾವು ಗಮನಿಸಬೇಕು. ಚೀನಿಯರನ್ನು ಕೆಲಸಕ್ಕೆ ಇಟ್ಟುಕೊಂಡದ್ದಕ್ಕೆ ಬಂಧನಕ್ಕೊಳಗಾದ ಪಾದರಸ ಗಣಿ ಕಂಪನಿಯ ಮುಖ್ಯಸ್ಥ ಟಿಬರ್ಸಿಯೊ ಪ್ಯಾರಟ್ ಅವರನ್ನು 1880ರಲ್ಲಿ ಫೆಡರಲ್ ನ್ಯಾಯಾಲಯ ಬಿಡುಗಡೆ ಮಾಡಿತು. ಚೀನಾದೊಡನೆ ಇದ್ದ ಒಪ್ಪಂದದ ಜೊತೆಗೆ ಅದು ಆಧಾರವಾಗಿ ಹಿಡಿದದ್ದು ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯನ್ನು. ಆ 19ನೇ ವಿಧಿಯನ್ನು ಅಳಿಸಿಹಾಕಲು 1952ರವರೆಗೆ ಕಾಯಬೇಕಾಯಿತು.

ರಾಜ್ಯದ ಸಮಾವೇಶ ತಪ್ಪು ಮಾಡಿದಾಗ ಅದರ ಮೇಲೆ ಫೆಡರಲ್ ಸಂವಿಧಾನವಿತ್ತು. ಫೆಡರಲ್ ಸಂವಿಧಾನದ ಸಮಾವೇಶವೇ ತಪ್ಪಿದರೆ ಮೇಲೆ ಏನೂ ಇಲ್ಲ. ಭಾರತದ ಸುಪ್ರೀಂ ಕೋರ್ಟ್ 1973ರಲ್ಲಿ ಏಳು-ಆರರ ಅಂತರದಿಂದ ಹೇಳಿದಂತೆ, ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯೂ ಮುಟ್ಟುವಂತಿಲ್ಲ ಎಂಬ ತತ್ವ ಇಲ್ಲಿಲ್ಲ. ಕಳೆದ ತಿಂಗಳು 20ರಂದು ಹೊರಟ ಅಧ್ಯಕ್ಷರ ಆದೇಶ ನಮ್ಮ ಸಮುದಾಯದ ಎಷ್ಟೋ ಮನೆಗಳ ನಿದ್ದೆ ಕೆಡಿಸಿದೆ. ಎಚ್-1ಬಿ ವೀಸಾದಲ್ಲಿರುವ ದಂಪತಿಗೆ ಇಲ್ಲಿ ಹುಟ್ಟುವ ಮಗು ಪೌರನಲ್ಲ ಎಂಬುದು ಅದರ ಅರ್ಥ. ಸಿಯಾಟಲ್‌ನ ನ್ಯಾಯಾಧೀಶರು ಮೂರೇ ದಿನದಲ್ಲಿ ಅದಕ್ಕೆ ತಾತ್ಕಾಲಿಕ ತಡೆ ಕೊಡಲು ಸಾಧ್ಯವಾದದ್ದು, ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರು ಪೌರರು ಎನ್ನುವ 14ನೇ ತಿದ್ದುಪಡಿಯ ಮೊದಲ ವಾಕ್ಯ ಇದ್ದಲ್ಲೇ ಇರುವುದರಿಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅವರನ್ನು 1898ರಲ್ಲಿ ಪೌರನೆಂದು ಸುಪ್ರೀಂ ಕೋರ್ಟ್ ಒಪ್ಪಿದ್ದೂ ಅದೇ ವಾಕ್ಯದಿಂದ. ಆದೇಶವನ್ನು ಆ ವಾಕ್ಯದ ಪಕ್ಕದಲ್ಲಿಟ್ಟು ತೂಗಬಹುದು. ವಾಕ್ಯವನ್ನೇ ತಿದ್ದಿದರೆ ಯಾವುದರ ಪಕ್ಕದಲ್ಲಿಟ್ಟು ತೂಗುವುದು?

ಆದ್ದರಿಂದ ಏಳೂ ಮನವಿಗಳನ್ನು ಹಿಂಪಡೆಯುವ ನಿರ್ಣಯಕ್ಕೆ ತಾವು ಬೆಂಬಲ ಕೊಡಬೇಕು. ಅಷ್ಟಕ್ಕೇ ನಿಲ್ಲದೆ, ನಾವು ಹಿಂಪಡೆದ ಮೇಲೂ ಉಳಿದ ರಾಜ್ಯಗಳು 34 ತಲುಪಬಹುದಾದ್ದರಿಂದ, ಅಂಥ ಸಮಾವೇಶಕ್ಕೆ ಕ್ಯಾಲಿಫೋರ್ನಿಯಾದ ಪ್ರತಿನಿಧಿಗಳನ್ನು ಯಾರು, ಹೇಗೆ ಆರಿಸಬೇಕು, ಕೊಟ್ಟ ಸೂಚನೆಯನ್ನು ಮೀರಿದವರನ್ನು ಹೇಗೆ ಹಿಂದಕ್ಕೆ ಕರೆಸಬೇಕು ಎಂಬ ರಾಜ್ಯ ಕಾಯಿದೆಯೊಂದನ್ನು ತಾವೇ ಮುಂದೆ ನಿಂತು ತರಬೇಕು. ಇನ್ನು ಮುಂದೆ ಯಾವ ಪಕ್ಷದ, ಎಷ್ಟೇ ಒಳ್ಳೆಯ ಉದ್ದೇಶದ ಕರೆ ಹೊರಟರೂ ಅದರಲ್ಲಿ ಇಂತಿಷ್ಟು ವರ್ಷಕ್ಕೆ ತಾನಾಗಿ ಲಯವಾಗುವ ಗಡುವು ಇರಲಿ. ಬಂದೂಕಿನ ಹಾವಳಿಯ ಬಗ್ಗೆ, ಚುನಾವಣೆಯ ಹಣದ ಬಗ್ಗೆ ನನಗೂ ತಮ್ಮಷ್ಟೇ ಕಳವಳವಿದೆ. ಅವಕ್ಕಾಗಿ ಕಾಂಗ್ರೆಸ್ಸಿನ ಮೂಲಕ ತಿದ್ದುಪಡಿ ತರುವ ಯತ್ನವನ್ನು ತಾವು ಕೈಬಿಡಬೇಕೆಂದು ನಾನು ಕೇಳುತ್ತಿಲ್ಲ.

ನಿರ್ಣಯ ಸಮಿತಿಯ ಮುಂದೆ ಬರುವ ಮೊದಲು ತಮ್ಮ ನಿಲುವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಅದನ್ನು ಕನ್ನಡಿಸಿ ಇದೇ ಓದುಗರ ಮುಂದಿಡುವ ಹೊಣೆ ನನ್ನದು.

ಇಂತಿ,
ತಮ್ಮ ಕ್ಷೇತ್ರದ ಮತದಾರರಲ್ಲೊಬ್ಬ