ಮೋಟಾರು ಬದಲಿಸುವ ಮೊದಲು ವೈರು ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ತಪ್ಪದೆ ಓದುತ್ತೇನೆ. ಹೊಸ ಕಾರುಗಳ ವಿಷಯ ಅಲ್ಲಿ ಜಾಸ್ತಿ, ಹಳೆ ಕಾರಿನ ರಿಪೇರಿ ವಿಷಯ ಕಡಿಮೆ. ಅದಕ್ಕೇ ಈ ಪತ್ರ.

ನನ್ನ ಕಾರಿನಲ್ಲಿ ಚಾಲಕನ ಪಕ್ಕದ ಸೀಟಿನ ಬಾಗಿಲಿನ ಪವರ್ ವಿಂಡೋ, ಅಂದರೆ ಸ್ವಿಚ್ ಒತ್ತಿದರೆ ಮೋಟಾರಿನಿಂದ ಏರಿಳಿಯುವ ಗಾಜು, ಒಂದು ಸಂಜೆ ಅರ್ಧಕ್ಕೇ ನಿಂತುಬಿಟ್ಟಿತು. ಹೊರಗೆ ಜೋರು ಮಳೆ. ನನ್ನ ಹೆಂಡತಿ ಮನೆ ಮುಟ್ಟುವವರೆಗೂ ಪ್ಲಾಸ್ಟಿಕ್ ಚೀಲವನ್ನು ಗಾಜಿನ ಸಂದಿಗೆ ಒತ್ತಿ ಹಿಡಿದು ಕೂತಿದ್ದಳು. ಮರುದಿನ ಗ್ಯಾರೇಜಿನಲ್ಲಿ ಸ್ವಿಚ್ಚನ್ನು ಎರಡು ಸಲ ಒತ್ತಿ, "ಮೋಟಾರು ಹೋಗಿದೆ ಸಾರ್" ಅಂದರು. ಹೊಸದು ಹಾಕಿದರು. ಗಾಜು ಮೇಲೆ ಹೋಯಿತು. ಹನ್ನೊಂದನೇ ದಿನಕ್ಕೆ ಮತ್ತೆ ನಿಂತಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಈ ಸಲ ನಾನೇ ನೋಡೋಣ ಅಂತ ಕೂತೆ. ಒಂದು ವಿಚಿತ್ರ ಕಂಡಿತು. ಬಾಗಿಲು ಪೂರ್ತಿ ತೆರೆದು ಸ್ವಿಚ್ ಒತ್ತಿದರೆ ಗಾಜು ಓಡುತ್ತದೆ. ಬಾಗಿಲು ಹಾಕುತ್ತಾ ಬಂದರೆ ನಡುವೆಯೇ ನಿಲ್ಲುತ್ತದೆ. ಮೋಟಾರಿಗೆ ಬಾಗಿಲು ತೆರೆದಿದೆಯೋ ಹಾಕಿದೆಯೋ ಏನು ಗೊತ್ತು? ಗೊತ್ತಾಗುವುದು ವೈರಿಗೆ ಮಾತ್ರ.

ಬಾಗಿಲಿಗೂ ಕಾರಿನ ಮೈಗೂ ನಡುವೆ, ಕೀಲಿನ ಹತ್ತಿರ, ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಇರುತ್ತದೆ. ಬಾಗಿಲಿಗೆ ಹೋಗುವ ವೈರೆಲ್ಲ ಅದರೊಳಗೇ. ಬಾಗಿಲು ತೆರೆದಾಗಲೆಲ್ಲ ಅವು ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತವೆ. ವರ್ಷಗಟ್ಟಲೆ ಹೀಗಾದರೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಆ ರಬ್ಬರನ್ನು ಹಿಂದಕ್ಕೆ ಸರಿಸಿದೆ. ಎಲ್ಲ ವೈರೂ ನೋಡಲು ಸರಿಯಾಗೇ ಇದ್ದವು. ಒಂದೊಂದನ್ನೇ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ನೀಲಿ ವೈರು ಮಾತ್ರ ಎಲಾಸ್ಟಿಕ್ಕಿನ ಹಾಗೆ ಹಿಗ್ಗಿತು. ಹೊರಗಿನ ಪ್ಲಾಸ್ಟಿಕ್ಕಿಗೆ ಒಂದು ಗೀರೂ ಇಲ್ಲ. ಬ್ಲೇಡಿನಲ್ಲಿ ಸೀಳಿ ನೋಡಿದರೆ ತಾಮ್ರ ತುಂಡಾಗಿ, ತುದಿ ಕಪ್ಪಗಾಗಿತ್ತು.

ಇದನ್ನು ಜೋಡಿಸುವುದರಲ್ಲೂ ಒಂದು ಕ್ರಮ ಇದೆ. ಮಡಚುವ ಜಾಗದಲ್ಲೇ ಬೆಸುಗೆ ಹಾಕಬಾರದು. ಬೆಸುಗೆ ಗಟ್ಟಿಯಾಗಿ, ಅದರ ಪಕ್ಕದಲ್ಲೇ ವೈರು ಮತ್ತೆ ತುಂಡಾಗುತ್ತದೆ. ಅಷ್ಟೇ ದಪ್ಪದ, ಸಣ್ಣ ಸಣ್ಣ ಎಳೆಗಳಿರುವ ಹೊಸ ವೈರಿನ ತುಂಡು ಸೇರಿಸಿ, ಎರಡು ಜೋಡಣೆಯೂ ಮಡಿಕೆಯಿಂದ ಆಚೆ ಬರುವ ಹಾಗೆ ಮಾಡಬೇಕು. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ವೈರು ತೆಗೆದಿರಬೇಕು. ಈ ಬಾಗಿಲಿನಲ್ಲೇ ಏರ್‌ಬ್ಯಾಗಿನ ಸೆನ್ಸರ್ ವೈರೂ ಇರಬಹುದು, ಅದನ್ನು ಮುಟ್ಟಲೇಬಾರದು.

ಎಲ್ಲ ಕಾರಿನಲ್ಲೂ ಇದೇ ದೋಷ ಅಂತ ನಾನು ಹೇಳುತ್ತಿಲ್ಲ. ಆದರೆ ದೋಷ ಎಲ್ಲಿದೆ ಅಂತ ಕಾರೇ ಹೇಳುತ್ತದೆ, ಸ್ವಲ್ಪ ಕಿವಿ ಕೊಡಬೇಕು ಅಷ್ಟೇ. ಸ್ವಿಚ್ ಒತ್ತಿದಾಗ ಗುಂಯ್ ಅಂತ ಸದ್ದು ಬಂದು ಗಾಜು ಅಲ್ಲಾಡದಿದ್ದರೆ ಮೋಟಾರು ಬಹುಶಃ ಚೆನ್ನಾಗಿದೆ, ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರಿನ ಕೇಬಲ್ ಅಥವಾ ಗಾಜು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿರಬಹುದು. ಗಾಜು ಕೆಳಗಿಳಿದು ಮೇಲೆ ಬರದಿದ್ದರೆ ಸ್ವಿಚ್ಚಿನ ಮೇಲೆ ಅನುಮಾನ ಪಡಿ. ಒಂದು ಕಡೆಗೆ ಸರಾಗವಾಗಿ ತಿರುಗುವ ಮೋಟಾರು ಸತ್ತಿಲ್ಲ ಅಲ್ವಾ? ತೆವಳುತ್ತಾ ಏರಿದರೆ ಗಾಜು ಜಾರುವ ರಬ್ಬರ್ ಬೀಡಿಂಗಿಗೆ ಸಿಲಿಕೋನ್ ಸ್ಪ್ರೇ ಹೊಡೆದು ನೋಡಿ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ಚಾಲಕನ ಬಾಗಿಲಿನಲ್ಲಿರುವ, ಉಳಿದ ಕಿಟಕಿಗಳನ್ನು ತಡೆಯುವ ಲಾಕ್ ಗುಂಡಿ ನೋಡಿ. ಎಷ್ಟೋ ಕಾರುಗಳಲ್ಲಿ ಉಳಿದ ಕಿಟಕಿಗಳ ಕರೆಂಟು ಚಾಲಕನ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಅಲ್ಲಿ ಕೆಟ್ಟರೆ ಇಲ್ಲಿ ಗಾಜು ನಿಲ್ಲುತ್ತದೆ.

ಸಾಮಾನ್ಯ ಪವರ್ ವಿಂಡೋ ಮೋಟಾರಿಗೆ ಎರಡೇ ದಪ್ಪ ವೈರು. ಗಾಜು ಏರುವಾಗ ಒಂದರಲ್ಲಿ 12 ವೋಲ್ಟ್, ಇಳಿಯುವಾಗ ಇನ್ನೊಂದರಲ್ಲಿ. ವೋಲ್ಟ್ ಅಳೆಯುವ ಮೀಟರ್ ಹಚ್ಚಲು ಎರಡು ನಿಮಿಷ ಸಾಕು. ಆದರೆ ಕನೆಕ್ಟರ್ ಬಿಚ್ಚಿ ಅಳೆಯಬಾರದು, ಮೋಟಾರು ಜೋಡಿಸಿದ್ದಂತೆಯೇ ಅಳೆಯಬೇಕು. ಒಂದೇ ಎಳೆ ಉಳಿದಿರುವ ವೈರೂ ಸುಮ್ನೆ ಅಳೆದರೆ 12 ವೋಲ್ಟ್ ತೋರಿಸಿಬಿಡುತ್ತದೆ. ಮೋಟಾರು ಕರೆಂಟು ಎಳೆದ ಕೂಡಲೇ ಆ ವೋಲ್ಟ್ ಕುಸಿಯುತ್ತದೆ. ನನ್ನ ಕಾರಿನಲ್ಲೂ ಹಾಗೇ ಆಯಿತು.

ಗ್ಯಾರೇಜಿನವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಕೈಕೆಲಸ ಅಚ್ಚುಕಟ್ಟಾಗಿತ್ತು, ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆಯನ್ನೂ ಮರೆಯದೆ ಅಂಟಿಸಿದ್ದರು. ಆದರೆ ಅಳೆಯಲಿಲ್ಲ. ಒಳ್ಳೆಯ ಮೋಟಾರನ್ನು ಬಿಚ್ಚಿ ಹೊಸದು ಹಾಕಿದರು. ಹಾಗಾಗಿ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಯಾವುದೇ ಭಾಗ ಬದಲಿಸಬೇಕು ಅಂದರೆ, "ಮೀಟರ್ ಹಚ್ಚಿ ತೋರಿಸಿ" ಅಂತ ಕೇಳಿ. ಹಳೆಯ ಭಾಗವನ್ನು ವಾಪಸ್ ಪಡೆಯಿರಿ. ನೀವೂ ವಾಹನ ಪುಟದಲ್ಲಿ ಇಂಥ ಸಣ್ಣ ಪರೀಕ್ಷೆಗಳಿಗೆ ಪ್ರತಿ ವಾರ ಸ್ವಲ್ಪ ಜಾಗ ಕೊಡಬೇಕು.

ನಾನು ಹಳೆಯ ಮೋಟಾರನ್ನು ಕೇಳಿ ತಂದಿದ್ದೆ. ಮೊನ್ನೆ ಬ್ಯಾಟರಿಗೆ ನೇರ ಕೊಟ್ಟು ನೋಡಿದೆ. ಎರಡೂ ಕಡೆಗೆ ಚೆನ್ನಾಗಿ ತಿರುಗುತ್ತದೆ.

ಇಂತಿ ನಿಮ್ಮ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ